ಫ್ಲಾಸ್ಕನ್ನು ವಿನೆಗರಿನಲ್ಲಿ ತೊಳೆಸಿದ ನಿರ್ದೇಶಕರಿಗೆ

ಜಿಲ್ಲಾ ಶಾಲಾ ಕಚೇರಿಯಲ್ಲಿ ಕುಳಿತು ಬೋಧನೆಯನ್ನು ಏಕರೂಪಗೊಳಿಸುತ್ತಿರುವ ಮಾನ್ಯ ನಿರ್ದೇಶಕರೇ,

ನಿಮ್ಮ ಕಚೇರಿ ನನ್ನ ವಿದ್ಯಾರ್ಥಿನಿಯೊಬ್ಬಳ ದಾಖಲೆಯಲ್ಲಿ ‘ಪ್ರಯೋಗಾಲಯ ಸುರಕ್ಷತಾ ನಿಯಮದ ಉಲ್ಲಂಘನೆ’ ಎಂದು ಬರೆದಿದೆ. ಆ ಹುಡುಗಿ ಏನನ್ನೂ ಸುಡಲಿಲ್ಲ, ಒಡೆಯಲಿಲ್ಲ, ಯಾರ ಕಣ್ಣಿಗೂ ಏನನ್ನೂ ಸಿಡಿಸಲಿಲ್ಲ. ಒಂದು ಗಾಜಿನ ಫ್ಲಾಸ್ಕನ್ನು ಹೇಗೆ ತೊಳೆಯಬೇಕೋ ಹಾಗೆ ತೊಳೆದಳು. ನಿಮ್ಮ ಕಚೇರಿಯ ಸೂಚನಾಪತ್ರ ಬೇರೆ ರೀತಿ ತೊಳೆಯಲು ಹೇಳಿತ್ತು. ಸೂಚನಾಪತ್ರ ತಪ್ಪಾಗಿತ್ತು, ಹುಡುಗಿ ಮಾಡಿದ್ದು ಸರಿಯಾಗಿತ್ತು. ಪ್ರಕರಣ ಇಷ್ಟೇ. ಇದನ್ನು ಮೊದಲು ನಿಮಗೇ ಖಾಸಗಿಯಾಗಿ ಬರೆದು ತಿಳಿಸಿದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ನಿಮ್ಮ ಕಂಪ್ಯೂಟರ್ ತಾನೇ ಉತ್ತರ ಕಳಿಸಿತು. ಇನ್ನೊಮ್ಮೆ ಬರೆದೆ, ಮತ್ತೆ ಅಮೂಲ್ಯ ಎಂದಿತು. ಅಷ್ಟೊಂದು ಬೆಲೆಬಾಳುವ ವಸ್ತುವನ್ನು ನಿಮ್ಮೊಬ್ಬರಲ್ಲೇ ಇಟ್ಟುಕೊಳ್ಳಿ ಎನ್ನಲು ಮನಸ್ಸಾಗದೆ ಈಗ ಊರಿನ ವಾರಪತ್ರಿಕೆಯಲ್ಲಿ ಹಂಚುತ್ತಿದ್ದೇನೆ.

ಹುಡುಗಿಯ ಹೆಸರು ತೂಲಿ ನಿಯೆಮಿ. ಹೆಸರು ಹಾಕಲೇ ಎಂದು ಕೇಳಿದಾಗ, “ಹಾಕಿ ಮಿಸೆಸ್ ಕೆ, ಮುಚ್ಚಿಡೋಕೆ ನಾನೇನು ಕದ್ದಿದ್ದೀನಾ?” ಎಂದಳು. ಹನ್ನೆರಡನೇ ತರಗತಿ. ಅಪ್ಪ ಕಬ್ಬಿಣದ ಗಣಿಯಲ್ಲಿ ದೊಡ್ಡ ಲಾರಿ ಓಡಿಸುತ್ತಾರೆ. ಅವಳ ಓರಗೆಯವರೆಲ್ಲ ಇಲ್ಲಿಂದ ಕಾಲು ಕೀಳುವ ದಿನವನ್ನು ಎಣಿಸುತ್ತಿದ್ದರೆ, ಇವಳಿಗೆ ನಮ್ಮೂರಿನದೇ ನೀರು ಶುದ್ಧೀಕರಣ ಘಟಕದಲ್ಲಿ ಕೆಲಸ ಕಲಿಯುವ ಆಸೆ. ಘಟಕದವರು ಪ್ರತಿ ವರ್ಷ ನಮ್ಮ ಶಾಲೆಯಿಂದ ಒಬ್ಬರನ್ನು ತೆಗೆದುಕೊಳ್ಳುತ್ತಾರೆ. ಅವರದು ಒಂದೇ ಷರತ್ತು, ಪ್ರಯೋಗಾಲಯದ ದಾಖಲೆಯಲ್ಲಿ ಸುರಕ್ಷತಾ ಉಲ್ಲಂಘನೆ ಇರಬಾರದು. ಒಳ್ಳೆಯ ಷರತ್ತೇ. ಊರು ಕುಡಿಯುವ ನೀರನ್ನು ಬೇಜವಾಬ್ದಾರಿಯವರ ಕೈಗೆ ಕೊಡಬಾರದು ನೋಡಿ. ಅರ್ಜಿ ಹಾಕಲು ಈ ತಿಂಗಳ ಕೊನೆಯವರೆಗೆ ಸಮಯವಿದೆ, ಮತ್ತು ನೀವು ಬರೆಸಿದ ಆ ಸಾಲು ಇರುವವರೆಗೆ ಅವಳು ಅರ್ಜಿ ಹಾಕುವಂತಿಲ್ಲ.

ನೀವು ದಕ್ಷಿಣದ ನಗರದಿಂದ ಬಂದವರು, ವಿನೆಗರನ್ನು ಅಂಗಡಿಯ ಬಾಟಲಿಯಲ್ಲಿ ಮಾತ್ರ ಕಂಡಿರಬಹುದು. ನಮ್ಮಲ್ಲಿ ಮನೆಯ ಹಿಂದೆ ಒಂದು ಸೇಬಿನ ಮರವಿದ್ದವರೆಲ್ಲ ವಿನೆಗರ್ ಮಾಡುತ್ತಾರೆ. ನೆಲ ಹೆಪ್ಪುಗಟ್ಟುವ ಮೊದಲು ಸೌತೆ, ಹುರುಳಿಕಾಯಿ, ಬೀಟ್‌ರೂಟ್ ಕಿತ್ತು, ಆ ವಿನೆಗರಿನಲ್ಲಿ ಹಾಕಿ, ಜಾಡಿಗಳಲ್ಲಿ ಗಾಳಿಯಾಡದಂತೆ ಮುಚ್ಚಿಡುತ್ತಾರೆ. ಇದಕ್ಕೆ ವಿನೆಗರಿನ ಹುಳಿ ನೂರಕ್ಕೆ ಐದರಷ್ಟಾದರೂ ಇರಬೇಕು. ಕಡಿಮೆಯಾದರೆ ಮುಚ್ಚಿದ ಜಾಡಿಯೊಳಗೆ ವಿಷ ಹುಟ್ಟಬಹುದು. ಆ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ತಿಂದವರು ಆಸ್ಪತ್ರೆ ಸೇರಿದ ಮೇಲೇ ಗೊತ್ತಾಗುವುದು. ನಾಲಿಗೆಗೆ ಹುಳಿ ಎಂದು ತಿಳಿದೀತೇ ಹೊರತು ಐದೋ ನಾಲ್ಕೂವರೆಯೋ ತಿಳಿಯದು. ಅದಕ್ಕೇ ಸೆಪ್ಟೆಂಬರ್ ಬಂದರೆ ಊರಿನ ಹೆಂಗಸರು ಒಂದೊಂದು ಜಾಡಿ ವಿನೆಗರ್ ತಂದು ಶಾಲೆಯ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಟ್ಟು ಹೋಗುತ್ತಾರೆ. ನಾನು ಇದೇ ಶಾಲೆಯಲ್ಲಿ ಓದುತ್ತಿದ್ದಾಗಲೂ ಹೀಗೇ ಇತ್ತು. ಮಕ್ಕಳು ಟೈಟ್ರೇಷನ್ ಮಾಡಿ ಹುಳಿ ಅಳೆಯುತ್ತಾರೆ. ಅಳೆದ ವಿನೆಗರನ್ನು ಫ್ಲಾಸ್ಕಿಗೆ ಹಾಕಿ, ಬಣ್ಣ ತೋರುವ ದ್ರವವನ್ನು ಒಂದೆರಡು ಹನಿ ಬೆರೆಸಿ, ಬ್ಯೂರೆಟ್ ಎಂಬ ಗೆರೆ ಹಾಕಿದ ಉದ್ದನೆಯ ಗಾಜಿನ ಕೊಳವೆಯಿಂದ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಡುತ್ತಾರೆ. ನಸುಗುಲಾಬಿ ಬಣ್ಣ ಬಂದು ನಿಂತರೆ ಹುಳಿಯೆಲ್ಲ ಮುಗಿಯಿತೆಂದು ಅರ್ಥ. ಅದಕ್ಕೆ ಎಷ್ಟು ಪ್ರತ್ಯಾಮ್ಲ ಖರ್ಚಾಯಿತು ಎಂಬುದರಿಂದ ಎಷ್ಟು ಹುಳಿ ಇತ್ತು ಎಂಬುದು ತಿಳಿಯುತ್ತದೆ. ಐದು ಮುಟ್ಟಿದರೆ ಜಾಡಿಗೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು.

ಇದರ ಹಿಂದಿನ ದಿನ ನನ್ನ ತರಗತಿಯಲ್ಲಿ ತೊಳೆಯುವ ದಿನ. ಅಂದು ಬೇರೇನೂ ಮಾಡುವುದಿಲ್ಲ, ಬರೀ ಸಿದ್ಧತೆ. ಬ್ಯೂರೆಟ್ಟಿನ ಒಳಗೋಡೆಯಲ್ಲಿ ನೀರು ಹನಿಗಟ್ಟದೆ ಒಂದೇ ಪದರವಾಗಿ ಜಾರುವವರೆಗೆ ಉಜ್ಜಬೇಕು. ಅದರ ನಲ್ಲಿಯ ತುದಿಯಲ್ಲಿ ಗಾಳಿಗುಳ್ಳೆ ಉಳಿಯಬಾರದು. ತುಂಬಿದ ಮೇಲೆ ಆಲಿಕೆಯನ್ನು ತೆಗೆದಿಡಬೇಕು, ಇಲ್ಲದಿದ್ದರೆ ಅದರಿಂದ ಕದ್ದು ಒಂದು ಹನಿ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಪಾತ್ರೆಯನ್ನು ಕೊನೆಗೆ ಯಾವುದರಲ್ಲಿ ಜಾಲಿಸಬೇಕು ಎಂಬುದನ್ನು ಪ್ರತಿಯೊಬ್ಬರೂ ಕಾರಣ ಸಮೇತ ನನ್ನ ಮುಂದೆ ನಿಂತು ಹೇಳಬೇಕು. ಬ್ಯೂರೆಟ್ಟನ್ನು ನೀರಿನಲ್ಲಿ ತೊಳೆದ ಮೇಲೆ, ಅದರೊಳಗೆ ಹೋಗುವ ಪ್ರತ್ಯಾಮ್ಲದಲ್ಲೇ ಜಾಲಿಸಬೇಕು, ಇಲ್ಲವಾದರೆ ಒಳಗೆ ಉಳಿದ ನೀರು ಅದನ್ನು ತೆಳುವಾಗಿಸುತ್ತದೆ. ಫ್ಲಾಸ್ಕನ್ನು ಮಾತ್ರ ಬರೀ ನೀರಿನಲ್ಲಿ ತೊಳೆಯಬೇಕು. ಅದು ಒದ್ದೆಯಿದ್ದರೂ ಚಿಂತೆಯಿಲ್ಲ. ಸೂಪಿಗೆ ನೀರು ಹೆಚ್ಚಾದರೆ ಸಪ್ಪೆಯಾದೀತು, ಆದರೆ ಹಾಕಿದ ಉಪ್ಪು ಹಾಕಿದಷ್ಟೇ ಇರುತ್ತದೆ. ಅದೇ ಫ್ಲಾಸ್ಕನ್ನು ವಿನೆಗರಿನಲ್ಲಿ ಜಾಲಿಸಿದರೆ, ಗೋಡೆಗೆ ಅಂಟಿದ ವಿನೆಗರ್ ಲೆಕ್ಕಕ್ಕೆ ಸಿಗದೆ ಒಳಗೇ ಉಳಿಯುತ್ತದೆ, ಹುಳಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಇದು ಅರ್ಥವಾಗಲು ಡಾಕ್ಟರೇಟ್ ಬೇಡ, ಅಡುಗೆಮನೆಗೆ ಒಮ್ಮೆ ಹೋಗಿ ಬಂದಿದ್ದರೆ ಸಾಕು.

ಕಳೆದ ವಸಂತದಲ್ಲಿ, ಬೇರೊಂದು ಪ್ರಯೋಗಕ್ಕೆ ಮುಂಚಿನ ಅಂಥದೇ ಒಂದು ತೊಳೆಯುವ ದಿನ ನೀವು ಬಂದಿರಿ. ಮಕ್ಕಳು ಸಿಂಕಿನ ಸುತ್ತ ನಿಂತು ಕುಂಚ ಹಿಡಿದು ಗಾಜು ಉಜ್ಜುತ್ತಿದ್ದರು, ಮೊಣಕೈವರೆಗೂ ನೊರೆ. ನೀವು ಬಾಗಿಲಲ್ಲೇ ನಿಂತು ನೋಡಿದಿರಿ. ಒಂದು ಮಗುವನ್ನೂ ‘ಏನು ಮಾಡುತ್ತಿದ್ದೀಯಾ’ ಎಂದು ಕೇಳಲಿಲ್ಲ. ವಾರದ ನಂತರ ನಿಮ್ಮ ವರದಿ ಬಂತು: ‘ತರಗತಿಯಲ್ಲಿ ಅಳೆಯಬಹುದಾದ ಕಲಿಕೆ ಕಂಡುಬಂದಿಲ್ಲ.’ ಅಳೆಯುವುದನ್ನೇ ಕಲಿಸುತ್ತಿದ್ದ ಕೋಣೆಯ ಬಗ್ಗೆ ಈ ಮಾತು! ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಸಿದ್ಧತೆಯ ದಿನ ರದ್ದಾಗಿತ್ತು. ಅದರ ಬದಲಿಗೆ ಇಡೀ ಜಿಲ್ಲೆಗೆ ಒಂದೇ ಸೂಚನಾಪತ್ರ ಬಂತು. ಹೊಳೆಯುವ ಕಾಗದ, ಕನ್ನಡಕ ಹಾಕಿಕೊಂಡು ನಗುತ್ತಿರುವ ಮಕ್ಕಳ ಚಿತ್ರ, ಒಂದೊಂದು ಹೆಜ್ಜೆಗೂ ಒಂದೊಂದು ಬಣ್ಣ. ಅದರಲ್ಲಿ ಎರಡು ವಾಕ್ಯ ಅದಲುಬದಲಾಗಿದ್ದವು. ಬ್ಯೂರೆಟ್ಟನ್ನು ನೀರಿನಲ್ಲಿ ತೊಳೆದು ಹಾಗೇ ತುಂಬಬೇಕಂತೆ, ಫ್ಲಾಸ್ಕನ್ನು ಪರೀಕ್ಷಿಸುವ ದ್ರಾವಣದಲ್ಲಿ ಜಾಲಿಸಬೇಕಂತೆ. ಎರಡು ತಪ್ಪೂ ಹುಳಿಯನ್ನು ಹೆಚ್ಚಿಸಿಯೇ ತೋರಿಸುತ್ತವೆ. ಸಪ್ಪೆ ವಿನೆಗರಿಗೆ ಹಸಿರು ಚೀಟಿ ಕೊಡಿಸಲು ಯಾರಾದರೂ ಹಠ ತೊಟ್ಟು ಕುಳಿತಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯಲಾಗುತ್ತಿರಲಿಲ್ಲ.

ಅಚ್ಚಿನ ತಪ್ಪು ಯಾರಿಗಾದರೂ ಆಗುತ್ತದೆ. ಒಂದು ಫೋನಿಗೆ ಸರಿಹೋಗಬಹುದೆಂದು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿದ ಮಹನೀಯರು ತುಂಬ ವಿನಯವಂತರು.

“ಮೇಡಂ, ಆ ಪ್ರತಿ ಆಗ್ಲೇ ಅಂಗೀಕಾರ ಆಗಿಬಿಟ್ಟಿದೆ.”

“ಆಗಿರ್ಲಿ ಸ್ವಾಮಿ, ತಪ್ಪಿದೆ ಅಂತ ಹೇಳ್ತಿದ್ದೀನಿ.”

“ತಿದ್ದುಪಡಿ ಸಮಿತಿ ಬರೋ ಬೇಸಿಗೇಲಿ ಸೇರುತ್ತೆ. ಅಲ್ಲಿಗೆ ಬರೆದು ಕಳಿಸಿ.”

“ಅಲ್ಲೀವರೆಗೆ ಮಕ್ಕಳು ಏನು ಮಾಡ್ಬೇಕು?”

“ಅಲ್ಲೀವರೆಗೆ ಅಂಗೀಕಾರ ಆಗಿರೋದನ್ನೇ ಪಾಲಿಸಿ ಮೇಡಂ.”

ನಾನು ಪಾಲಿಸಲಿಲ್ಲ. ಸಿದ್ಧತೆಯ ದಿನ ಕೊಡದಿದ್ದರೂ, ಪಾಠದ ನಡುವೆ ಕದ್ದುಮುಚ್ಚಿ ಆ ಎರಡು ವಾಕ್ಯಗಳನ್ನು ಬೋರ್ಡಿನ ಮೇಲೆ ತಿರುಗಿಸಿ ಬರೆದು ತೋರಿಸಿದೆ. ಕೆಲವರು ಕೇಳಿಸಿಕೊಂಡರು, ಕೆಲವರು ಕಿಟಕಿಯಾಚೆ ನೋಡುತ್ತಿದ್ದರು. ಕೈಯಲ್ಲಿ ಮಾಡಿಸದೆ ಬಾಯಲ್ಲಿ ಹೇಳಿದ್ದು ಆ ವಯಸ್ಸಿನಲ್ಲಿ ಎಷ್ಟು ಹೊತ್ತು ತಲೆಯಲ್ಲಿ ನಿಲ್ಲುತ್ತದೆ? ಪ್ರಯೋಗದ ದಿನ ಪಕ್ಕದಲ್ಲಿ ನಿಂತು ನೋಡಿಕೊಂಡರಾಯಿತು ಎಂದುಕೊಂಡೆ. ಅಷ್ಟರಲ್ಲಿ ನಿಮ್ಮ ಆದೇಶ ಬಂತು, ಪ್ರಯೋಗದ ದಿನವೇ ಶುರುವಾಗಿ ವಾರದ ಕೊನೆಯವರೆಗೆ ನಡೆಯುವ ಒಂದು ಕಡ್ಡಾಯ ತರಬೇತಿಗೆ ನಾನು ನಗರದಲ್ಲಿ ಹಾಜರಾಗಬೇಕೆಂದು. ಜಾಡಿಗಳು ಬಂದು ಕುಳಿತಿವೆ, ದಿನ ಬದಲಿಸಿ ಎಂದೆ, ದಿನ ಬದಲಾಗಲಿಲ್ಲ. ತರಬೇತಿಯ ವಿಷಯ ಓದುಗರಿಗೆ ತಿಳಿದಿರಲಿ: ‘ಪ್ರಯೋಗಾಲಯದ ಪೂರ್ವಸಿದ್ಧತೆಯಲ್ಲಿ ಉತ್ತಮ ರೂಢಿಗಳು.’ ನನ್ನ ಮಕ್ಕಳು ಫ್ಲಾಸ್ಕುಗಳನ್ನು ವಿನೆಗರಿನಲ್ಲಿ ತೊಳೆಯುತ್ತಿದ್ದಾಗ ನಾನು ಒಂದು ಹೋಟೆಲಿನ ಸಭಾಂಗಣದಲ್ಲಿ ಡೋನಟ್ ತಿನ್ನುತ್ತಾ, ಸಿದ್ಧತೆ ಎಷ್ಟು ಮುಖ್ಯ ಎಂಬುದರ ಬಗ್ಗೆ ಪರದೆಯ ಮೇಲೆ ಚಿತ್ರ ನೋಡುತ್ತಿದ್ದೆ.

ನನ್ನ ಬದಲಿಗೆ ತರಗತಿಗೆ ಬಂದವರು ಐಸ್‌ಹಾಕಿ ಆಟದ ತರಬೇತುದಾರ ಲುಂಡೀನ್. ಒಳ್ಳೆಯ ಮನುಷ್ಯ, ಮಕ್ಕಳು ಅವರನ್ನು ಕೋಚ್ ಎಂದೇ ಕರೆಯುತ್ತಾರೆ. ಕೆಮಿಸ್ಟ್ರಿ ತನಗೆ ಬಾರದೆಂದು ಮೊದಲೇ ಹೇಳಿ, ಸೂಚನಾಪತ್ರ ಕೈಯಲ್ಲಿ ಹಿಡಿದು ಒಂದೊಂದೇ ಹೆಜ್ಜೆ ಗಟ್ಟಿಯಾಗಿ ಓದಿಸಿದರಂತೆ. ಅಂದು ಏನು ನಡೆಯಿತೆಂದು ಅವರೂ ಹೇಳಿದ್ದಾರೆ, ತೂಲಿಯೂ ಹೇಳಿದ್ದಾಳೆ, ಇಬ್ಬರ ಮಾತಿಗೂ ವ್ಯತ್ಯಾಸವಿಲ್ಲ.

“ತೂಲಿ, ಫ್ಲಾಸ್ಕು ವಿನೆಗರಲ್ಲಿ ಗಲಬರಿಸೋದು ಬಿಟ್ಟುಬಿಟ್ಯಲ್ಲಮ್ಮಾ?”

“ಮರೆತು ಬಿಟ್ಟಿದ್ದಲ್ಲ ಕೋಚ್. ಅದು ಮಾಡ್ಲೇಬಾರ್ದು. ಗೋಡೆಗೆ ಅಂಟಿರೋ ವಿನೆಗರೂ ಲೆಕ್ಕಕ್ಕೆ ಸೇರ್ಕೊಂಡ್ಬಿಡುತ್ತೆ. ಮಿಸೆಸ್ ಕೆ ಬೋರ್ಡಲ್ಲಿ ಬರೆದು ತೋರ್ಸಿದ್ರು.”

ಹಿಂದಿನ ಮೇಜಿನ ಹುಡುಗನೊಬ್ಬ, “ಬಿಡಿ ಕೋಚ್, ತೂಲಿಗೆ ಗೊತ್ತಿಲ್ದೇ ಇರೋದು ದೇವ್ರಿಗೂ ಗೊತ್ತಿಲ್ಲ” ಎಂದ. ಎಲ್ಲರೂ ನಕ್ಕರು.

“ನೋಡಮ್ಮಾ, ಐಸ್ ಮೇಲೆ ಏನು ಮಾಡ್ಬೇಕು ಅಂತ ಕೇಳು, ಹೇಳ್ತೀನಿ. ಇಲ್ಲಿ ಮಾತ್ರ ಕಾಗದ ಏನು ಹೇಳುತ್ತೋ ಅಷ್ಟೇ ನಂಗೆ ಗೊತ್ತು.”

“ಹಾಗಾದ್ರೆ ಕಾಗದ ತಪ್ಪು ಹೇಳ್ತಿದೆ ಕೋಚ್.”

ಅಂದು ಪರೀಕ್ಷೆಗಿದ್ದದ್ದು ಮಿಸೆಸ್ ಹಕಲಾ ತಂದಿಟ್ಟ ವಿನೆಗರ್. ಲೂಥರನ್ ಚರ್ಚಿನ ಶರತ್ಕಾಲದ ಊಟಕ್ಕೆ ಬೀಟ್‌ರೂಟ್ ಉಪ್ಪಿನಕಾಯಿ ಹಾಕಿಸುವುದು ಇವರ ಮನೆಯ ಹೆಂಗಸರೇ, ಇವರ ಅತ್ತೆಯ ಕಾಲದಿಂದ. ಉಳಿದ ಮೇಜುಗಳವರಿಗೆಲ್ಲ ಹುಳಿ ಐದು, ಐದಕ್ಕಿಂತ ಒಂದು ಚೂರು ಹೆಚ್ಚು. ತೂಲಿಯ ಮೇಜಿನಲ್ಲಿ ಮಾತ್ರ ನಾಲ್ಕು ಪಾಯಿಂಟ್ ನಾಲ್ಕು. ಅವಳು ಎರಡನೇ ಸಲ ಮಾಡಿದಳು, ಮತ್ತೆ ಅದೇ ಬಂತು. ನಿಮ್ಮ ಸೂಚನಾಪತ್ರಕ್ಕೆ ಇಂಥ ಸಂದರ್ಭಕ್ಕೂ ಉತ್ತರವಿತ್ತು. ವಿಧಾನ ಪಾಲಿಸದೆ ಬಂದ ಫಲಿತಾಂಶವನ್ನು ಕೈಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು, ಪಾಲಿಸದವರಿಗೆ ಸೊನ್ನೆ ಕೊಟ್ಟು ಸುರಕ್ಷತಾ ಉಲ್ಲಂಘನೆ ಎಂದು ದಾಖಲಿಸಬೇಕು. ಸರಿಯುತ್ತರ ಹೊರಗೆ ಹೋಯಿತು, ತಪ್ಪುಗಳೆಲ್ಲ ಕೂಡಿ ಸರಾಸರಿಯಾದವು. ಜಾಡಿಗೆ ಹಸಿರು ಚೀಟಿ ಬಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ತೂಲಿ ಸೈಕಲ್ ಹತ್ತಿ ಮಿಸೆಸ್ ಹಕಲಾ ಮನೆಗೆ ಹೋಗಿ ಹೇಳಿದ್ದಾಳೆ. ಆಕೆ ಅವಳಿಗೆ ಕಾಫಿ ಕೊಟ್ಟು, ತಲೆ ಸವರಿ, “ನೀನೊಬ್ಳೇ ಹೇಳೋದೋ, ಇಡೀ ಶಾಲೆ ಹೇಳೋದೋ ಮಗಾ?” ಎಂದು ಕಳಿಸಿದ್ದಾರೆ. ಆಕೆಯ ತಪ್ಪಲ್ಲ, ಶಾಲೆಯ ಚೀಟಿಯ ಮೇಲೆ ಈ ಊರು ಎಂದೂ ಅನುಮಾನ ಪಟ್ಟದ್ದಿಲ್ಲ. ಶನಿವಾರ ಚರ್ಚಿನ ಅಡುಗೆಮನೆಯಲ್ಲಿ ಹೆಂಗಸರೆಲ್ಲ ಸೇರಿ ಬೀಟ್‌ರೂಟ್ ಬೇಯಿಸಿ, ಸುಲಿದು, ಆ ವಿನೆಗರ್ ಸುರಿದು ಜಾಡಿಗಳನ್ನು ಮುಚ್ಚಿದರು.

ಸೋಮವಾರ ಬೆಳಿಗ್ಗೆ ನಾನು ಕೋಟು ತೆಗೆಯುವ ಮೊದಲೇ ತೂಲಿ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಉಳಿದಿದ್ದ ವಿನೆಗರನ್ನು ಕೋಚ್ ಎದುರಿಗೇ ಪರೀಕ್ಷಿಸಿದೆ. ಅದೇ ನಾಲ್ಕು ಪಾಯಿಂಟ್ ನಾಲ್ಕು. ಕೋಚ್ ಮುಖ ಕೆಂಪೇರಿತು. “ಮಿಸೆಸ್ ಕೆ, ನನ್ ಮಕ್ಳೂ ಆ ಊಟಕ್ಕೆ ಬರೋರು ಕಣ್ರೀ” ಎಂದು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅಂದು ಸಂಜೆಯೇ ನಾನು ಮಿಸೆಸ್ ಹಕಲಾ ಮನೆಗೆ ಹೋದೆ. ನನ್ನನ್ನು ಚಿಕ್ಕಂದಿನಿಂದ ನೋಡಿದವರು.

“ಏನಂದೆ? ಎಲ್ಲಾನೂ ಸುರೀಬೇಕಾ?”

“ಎಲ್ಲಾನೂ, ಮಿಸೆಸ್ ಹಕಲಾ. ಒಂದೂ ಇಟ್ಕೋಬೇಡಿ.”

“ಹಸಿರು ಚೀಟಿ ಅಂಟಿಸಿ ಕೊಟ್ಟಿದ್ರಲ್ಲೇ ರೋಸಿ! ನಾನು ಶಾಲೇನ ನಂಬ್ದೆ ಕಣೇ.”

ನನಗೆ ಅಳು ಬಂತು. ನಾಚಿಕೆಯೂ ಆಯಿತು, ನಿಮ್ಮ ಪಾಲಿನದನ್ನೂ ಸೇರಿಸಿಯೇ. ಕೋಚ್ ಮತ್ತು ನಾನು ಜಾಡಿಗಳನ್ನು ಹೊತ್ತು ತಂದು ಗುಂಡಿ ತೋಡಿ ಹೂಳಿದೆವು. ಯಾರೂ ತಿಂದಿರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಊರಿನ ಬಾಯಿಯನ್ನು ಹೂಳಲಾಗುತ್ತದೆಯೇ? ‘ಹಕಲಾ ಮನೆಯ ಬೀಟ್‌ರೂಟು ವಿಷವಂತೆ’ ಎಂದಾಯಿತು. ಚರ್ಚಿನ ಊಟದ ದಿನ ಆಕೆ ಬರೀ ಹಸಿ ಕ್ರ್ಯಾನ್‌ಬೆರಿ ಹಣ್ಣಿನ ಸಲಾಡ್ ಮಾಡಿ ತಂದಿಟ್ಟರು. ನಾನೂ, ಕೋಚ್ ಮನೆಯವರೂ, ತೂಲಿಯೂ ಬಡಿಸಿಕೊಂಡೆವು. ಉಳಿದದ್ದನ್ನು ಆಕೆ ಬಟ್ಟೆ ಮುಚ್ಚಿ ಹಾಗೇ ಮನೆಗೆ ಒಯ್ದರು. ನಿಮ್ಮ ‘ಅಳೆಯಬಹುದಾದ’ ಸಂಗತಿಗಳಲ್ಲಿ ಇದು ಯಾವ ಕಲಮಿಗೆ ಬರುತ್ತದೆ ಎಂದು ದಯವಿಟ್ಟು ತಿಳಿಸಿ.

ಇಷ್ಟಾದ ಮೇಲೆ ಯಾರಾದರೂ ಸೂಚನಾಪತ್ರವನ್ನು ತಿದ್ದುತ್ತಾರೆ, ಹುಡುಗಿಯ ಬೆನ್ನು ತಟ್ಟುತ್ತಾರೆ. ನೀವು ವಿಚಾರಣೆ ಇಟ್ಟುಕೊಂಡಿರಿ. ತೂಲಿ, ಅವಳ ಅಪ್ಪ ಮತ್ತು ನಾನು ನಿಮ್ಮ ಉದ್ದನೆಯ ಮೇಜಿನ ಈಚೆ ಬದಿ ಕುಳಿತೆವು. ವಿನೆಗರಿನ ವಿಷಯ ನೀವು ಬಹಳ ತಾಳ್ಮೆಯಿಂದ ಕೇಳಿಸಿಕೊಂಡಿರಿ. ಅವಳ ಉತ್ತರ ಸರಿಯೆಂದು ಒಪ್ಪಿಯೂ ಬಿಟ್ಟಿರಿ. ನನ್ನ ಜೀವ ಹಗುರವಾಯಿತು. ಆಗ ನೀವು, “ಆದ್ರೆ ಇಲ್ಲಿ ಸರಿ ತಪ್ಪಿನ ಪ್ರಶ್ನೆ ಇಲ್ಲಮ್ಮಾ, ಪಾಲನೆಯ ಪ್ರಶ್ನೆ” ಎಂದು ಒಂದು ಕಾಗದ ಮುಂದೆ ತಳ್ಳಿದಿರಿ. ಇನ್ನು ಮುಂದೆ ಅಂಗೀಕೃತ ವಿಧಾನವನ್ನು ಚಾಚೂ ತಪ್ಪದೆ ಪಾಲಿಸುತ್ತೇನೆ ಎಂದು ಸಹಿ ಹಾಕಿದರೆ ಉಲ್ಲಂಘನೆಯ ಸಾಲನ್ನು ಅಂದೇ ಅಳಿಸುವುದಾಗಿ ಹೇಳಿದಿರಿ.

ಒಂದು ಸಹಿ ಅಷ್ಟೇ. ನಿಜ ಹೇಳುತ್ತೇನೆ, ಹಾಕಿಬಿಡು ಎಂದು ನಾನು ಮನಸ್ಸಿನಲ್ಲೇ ಅವಳನ್ನು ಬೇಡಿಕೊಂಡೆ. ಅವಳು ಕಾಗದವನ್ನು ಕೊನೆಯವರೆಗೂ ಓದಿದಳು.

“ಸರ್, ಈ ಎರಡು ವಾಕ್ಯ ತಿದ್ದಿದ್ದೀರಾ?”

“ಅದು ಬೇಸಿಗೇಲಿ ಸಮಿತಿ ಮುಂದೆ ಬರುತ್ತೆ.”

“ಅಂದ್ರೆ ಈಗ ತಪ್ಪಿರೋದಕ್ಕೇ ನಾನು ಸಹಿ ಹಾಕ್ಬೇಕು.”

“ಔಪಚಾರಿಕವಾಗಿ, ಅಷ್ಟೇ.”

“ನಾನು ಕೇಳ್ತಿರೋದು ನೀರಿನ ಕೆಲ್ಸ ಸರ್. ನಾಳೆ ಅಲ್ಲೂ ಯಾರೋ ಒಂದು ಕಾಗದ ಕೊಡ್ತಾರೆ. ತಪ್ಪು ಅಂತ ಗೊತ್ತಿದ್ದೂ ನಾನು ಅದನ್ನೇ ಮಾಡ್ತೀನಿ ಅಂತ ಇಲ್ಲಿ ಬರ್ಕೊಟ್ರೆ, ಆ ನೀರನ್ನ ನೀವು ಕುಡೀತೀರಾ?”

ನೀವು ಕಾಗದವನ್ನು ನಿಮ್ಮ ಕಡೆಗೆ ಎಳೆದುಕೊಂಡಿರಿ. ಅವಳ ಅಪ್ಪ ಮಾತು ಕಡಿಮೆಯ ಮನುಷ್ಯ. ಟೋಪಿ ತೆಗೆದುಕೊಂಡು ಎದ್ದು ನಿಂತು, “ಕೇಳಿದ್ದಾಳಲ್ಲ, ಹೇಳಿ” ಎಂದರು. ನೀವು ಗಡಿಯಾರ ನೋಡಿ, ಮುಂದಿನ ಸಭೆಗೆ ಹೊತ್ತಾಯಿತು ಎಂದಿರಿ. ಕಾರಿನಲ್ಲಿ ಕುಳಿತ ಮೇಲೆ ಆ ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. “ಇನ್ನು ತಗೊಳಲ್ಲ ಅಲ್ವಾ ಮಿಸೆಸ್ ಕೆ, ಘಟಕದವ್ರು ನನ್ನ?” ಎಂದು ಕೇಳಿದಳು. 

ಆದ್ದರಿಂದ, ಮಾನ್ಯರೇ, ಎಲ್ಲರೆದುರು ಕೇಳುತ್ತಿದ್ದೇನೆ. ಈ ತಿಂಗಳು ಮುಗಿಯುವ ಮೊದಲು, ಅಂದರೆ ಅರ್ಜಿಯ ಕೊನೆಯ ದಿನಕ್ಕೆ ಮೊದಲು, ಯಾವ ಸಹಿಯನ್ನೂ ಕೇಳದೆ ತೂಲಿ ನಿಯೆಮಿಯ ದಾಖಲೆಯಿಂದ ಆ ಸಾಲನ್ನು ತೆಗೆಯಿರಿ. ಆ ಎರಡು ವಾಕ್ಯಗಳನ್ನು ತಿದ್ದಲು ಬೇಸಿಗೆ ಬರಬೇಕಾಗಿಲ್ಲ, ಒಂದು ಪೆನ್ನು ಸಾಕು. ಚೀಟಿ ಕೊಟ್ಟದ್ದು ಶಾಲೆ, ತಪ್ಪಿದ್ದು ಶಾಲೆ ಎಂದು ಮಿಸೆಸ್ ಹಕಲಾ ಅವರಿಗೆ ಇದೇ ಪತ್ರಿಕೆಯಲ್ಲಿ, ಇದೇ ಗಾತ್ರದ ಅಕ್ಷರದಲ್ಲಿ ಬರೆದು ತಿಳಿಸಿ. ಸಿದ್ಧತೆಯ ದಿನವನ್ನು ನಾನು ಕೇಳುವುದಿಲ್ಲ, ತೆಗೆದುಕೊಳ್ಳುತ್ತೇನೆ. ಬರುವ ಬುಧವಾರ ನನ್ನ ಮಕ್ಕಳು ಮತ್ತೆ ಸಿಂಕಿನ ಮುಂದೆ ನಿಲ್ಲುತ್ತಾರೆ, ಫ್ಲಾಸ್ಕನ್ನು ಬರೀ ನೀರಿನಲ್ಲಿ ತೊಳೆಯುತ್ತಾರೆ, ಮತ್ತು ಹಾಗೆ ತೊಳೆಯಲು ಹೇಳುವವಳು ನಾನು. ಯಾರದಾದರೂ ಹೆಸರಿನ ಮುಂದೆ ಉಲ್ಲಂಘನೆ ಎಂದು ಬರೆಯದಿದ್ದರೆ ನಿಮ್ಮ ಕಚೇರಿ ನಡೆಯುವುದಿಲ್ಲವಾದರೆ, ಅವಳದನ್ನು ಅಳಿಸಿ ನನ್ನದನ್ನು ಬರೆಯಿರಿ. ನನ್ನ ಕೆಲಸದ ದಿನಗಳು ಹೆಚ್ಚುಕಡಿಮೆ ಮುಗಿದಿವೆ. ಅವಳದಿನ್ನೂ ಶುರುವಾಗಿಲ್ಲ.

ಇಂತಿ,
ಈ ಪತ್ರ ಅಚ್ಚಾಗುವವರೆಗಾದರೂ ನಿಮ್ಮ ನೌಕರಳಾಗಿರುವ
ರೋಸ್‌ಮೇರಿ ಕೊಚೇವಾರ್
ಕೆಮಿಸ್ಟ್ರಿ ಶಿಕ್ಷಕಿ